ಎಡ ಮಿದುಳೋ, ಬಲ ಮಿದುಳೋ? ಅಳೆಯುವುದು ಹೇಗೆ?

ಅಕ್ಕನ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಅರ್ಜಿ ಹಾಕುವ ಹೊತ್ತು. ಒಂದು ಭಾನುವಾರ ಅಕ್ಕ ಫೋನು ಮಾಡಿ, ‘ನೀನು ಪೇಪರಿನಲ್ಲಿದ್ದೀಯಲ್ಲ, ಇದನ್ನು ಸ್ವಲ್ಪ ನೋಡಿ ಹೇಳು’ ಎಂದಳು. ಹೋಗಿ ನೋಡಿದರೆ ಮೇಜಿನ ಮೇಲೆ ಬಣ್ಣಬಣ್ಣದ ಒಂದು ವರದಿ. ಹುಡುಗಿಯ ಹತ್ತು ಬೆರಳುಗಳ ಗುರುತು ತೆಗೆದುಕೊಂಡು ಹೋದವರು ಒಂದು ವಾರದ ನಂತರ ಕಳಿಸಿದ್ದು. ಮೊದಲ ಪುಟದಲ್ಲೇ ಮಿದುಳಿನ ಚಿತ್ರ. ಎಡಕ್ಕೆ ನೀಲಿ, ಬಲಕ್ಕೆ ಕೆಂಪು. ನೀಲಿ ಎಷ್ಟು ಪಾಲು, ಕೆಂಪು ಎಷ್ಟು ಪಾಲು ಎಂಬುದನ್ನು ದಶಮಾಂಶ ಬಿಂದುವಿನವರೆಗೆ ಲೆಕ್ಕ ಹಾಕಿ ಬರೆದಿದ್ದರು. ಕೆಂಪು ಹೆಚ್ಚು. ಆದ್ದರಿಂದ ಈ ಹುಡುಗಿ ‘ಬಲ ಮಿದುಳಿನವಳು’. ಚಿತ್ರಕಲೆ, ಸಂಗೀತ, ವಿನ್ಯಾಸ ಇವಳಿಗೆ ಒಗ್ಗುತ್ತವೆ. ಗಣಿತ, ಭೌತಶಾಸ್ತ್ರ ಕಷ್ಟ. ವರದಿಗೆ ಅಕ್ಕ ಕೊಟ್ಟ ಹಣ ಎಷ್ಟೆಂದು ನಾನು ಕೇಳಲಿಲ್ಲ. ಹುಡುಗಿ ಮಾತ್ರ ಮೂಲೆಯಲ್ಲಿ ಕುಳಿತು, ‘ಹಾಗಾದರೆ ನನಗೆ ಲೆಕ್ಕ ಬರೋದೇ ಇಲ್ವಾ?’ ಎಂದು ಕೇಳಿದಳು.

ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಇನ್ನೊಂದು ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಒಬ್ಬ ವ್ಯಕ್ತಿಯ ಮಿದುಳಿನಲ್ಲಿ ಎಡಭಾಗ ಪ್ರಬಲವೋ ಬಲಭಾಗ ಪ್ರಬಲವೋ ಎಂದು ಅಳೆಯಲು ಸಾಧ್ಯವೇ? ಸಾಧ್ಯ. ಒಂದೂವರೆ ಶತಮಾನದಿಂದ ವೈದ್ಯರು ಅದಕ್ಕಾಗಿ ಹೆಣಗಿದ್ದಾರೆ, ನಾಲ್ಕಾರು ಒಳ್ಳೆಯ ವಿಧಾನಗಳನ್ನೂ ಕಂಡುಕೊಂಡಿದ್ದಾರೆ. ಆದರೆ ಅವರು ಅಳೆಯುವ ವಸ್ತುವೇ ಬೇರೆ, ಅಕ್ಕನ ಮೇಜಿನ ಮೇಲಿದ್ದ ವರದಿ ಅಳೆದಿದ್ದೇನೆಂದು ಹೇಳುವ ವಸ್ತುವೇ ಬೇರೆ.

ಎರಡು ಹೋಳು, ಒಂದು ಸೇತುವೆ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳುಗಳ ಒಂದು ಸಂಗ್ರಹಾಲಯವಿದೆ. ನಿಜವಾದ ಮನುಷ್ಯರ ಮಿದುಳುಗಳನ್ನು ಅಲ್ಲಿ ಕಾಯ್ದಿಟ್ಟಿದ್ದಾರೆ, ಸಾರ್ವಜನಿಕರೂ ನೋಡಬಹುದು. ಮೇಲಿನಿಂದ ನೋಡಿದರೆ ಸುಲಿದ ಅಕ್ರೋಟಿನ ತಿರುಳಿನಂತೆ ಎರಡು ಹೋಳು, ನಡುವೆ ಆಳವಾದ ಸೀಳು. ಸೀಳನ್ನು ಬಿಡಿಸಿ ನೋಡಿದರೆ ತಳದಲ್ಲಿ ಎರಡೂ ಹೋಳುಗಳನ್ನು ಬೆಸೆಯುವ ಬಿಳಿಯ ಪಟ್ಟಿಯೊಂದು ಕಾಣುತ್ತದೆ. ಸುಮಾರು 20 ಕೋಟಿ ನರತಂತುಗಳ ಈ ಸೇತುವೆಗೆ ಕಾರ್ಪಸ್ ಕಲೋಸಮ್ ಎಂದು ಹೆಸರು. ಎಡ ಹೋಳಿಗೆ ತಿಳಿದದ್ದು ಬಲಕ್ಕೆ, ಬಲಕ್ಕೆ ತಿಳಿದದ್ದು ಎಡಕ್ಕೆ ಕ್ಷಣಾರ್ಧದಲ್ಲಿ ದಾಟುವುದು ಮುಖ್ಯವಾಗಿ ಇದರ ಮೂಲಕವೇ.

ಈ ಹೋಳುಗಳ ಆಡಳಿತ ಅದಲು ಬದಲು. ಬಲಗೈಯನ್ನು ಆಡಿಸುವುದು ಎಡ ಹೋಳು, ಎಡಗೈಯನ್ನು ಆಡಿಸುವುದು ಬಲ ಹೋಳು. ನೋಟದಲ್ಲೂ ಹೀಗೆಯೇ, ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಬಲಗಣ್ಣು ಎಡ ಮಿದುಳಿಗೆ, ಎಡಗಣ್ಣು ಬಲ ಮಿದುಳಿಗೆ ಎಂದಲ್ಲ. ಪ್ರತಿಯೊಂದು ಕಣ್ಣೂ ಎರಡೂ ಹೋಳುಗಳಿಗೆ ಸುದ್ದಿ ಕಳಿಸುತ್ತದೆ. ನಾವು ನೆಟ್ಟು ನೋಡುವ ಬಿಂದುವಿನ ಎಡಕ್ಕಿರುವುದೆಲ್ಲ ಬಲ ಹೋಳಿಗೆ, ಬಲಕ್ಕಿರುವುದೆಲ್ಲ ಎಡ ಹೋಳಿಗೆ ಹೋಗುತ್ತದೆ. ಒಂದು ಕಣ್ಣು ಮುಚ್ಚಿ ಬೆರಳಿನ ಸಂದಿನಿಂದ ಗಡಿಯಾರ ನೋಡಿ, ಯಾವ ಕಣ್ಣು ಪ್ರಬಲವೋ ಅದರ ಎದುರಿನ ಮಿದುಳು ಪ್ರಬಲ ಎಂದು ಹೇಳಿಕೊಡುವವರಿದ್ದಾರೆ. ಅವರ ಲೆಕ್ಕ ಇಲ್ಲಿಗೇ ಮುಗಿಯಿತು. ಎರಡೂ ಕೈಬೆರಳುಗಳನ್ನು ಹೆಣೆದು ಯಾವ ಹೆಬ್ಬೆರಳು ಮೇಲೆ ಬಂತೆಂದು ನೋಡುವ ಪರೀಕ್ಷೆಗೂ ಇದೇ ಗತಿ. ಅದು ಬರೀ ಅಭ್ಯಾಸ. ಮಿದುಳಿನ ಪ್ರಾಬಲ್ಯ ಅದರಿಂದ ತಿಳಿಯುವುದಿಲ್ಲ.

‘ತಾನ್’ ಎಂಬ ಒಂದೇ ಮಾತು

ಕಥೆ ಶುರುವಾಗುವುದು 1861ರಲ್ಲಿ, ಪ್ಯಾರಿಸ್ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ. ಅಲ್ಲಿ 21 ವರ್ಷಗಳಿಂದ ಲೆಬೋರ್ನ್ ಎಂಬ ರೋಗಿಯಿದ್ದ. ಏನು ಕೇಳಿದರೂ ಆತನ ಬಾಯಿಂದ ಬರುತ್ತಿದ್ದುದು ‘ತಾನ್, ತಾನ್’ ಎಂಬ ಶಬ್ದ ಮಾತ್ರ. ಹೇಳಿದ್ದು ಅರ್ಥವಾಗುತ್ತಿತ್ತು. ಸಿಟ್ಟು ನೆತ್ತಿಗೇರಿದರೆ ಒಂದು ಬೈಗುಳವೂ ಹೊರಡುತ್ತಿತ್ತು. ಬೇರೆ ಮಾತಿಲ್ಲ. ಆಸ್ಪತ್ರೆಯವರು ಅವನನ್ನು ತಾನ್ ಎಂದೇ ಕರೆಯುತ್ತಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ಆತ ತೀರಿಕೊಂಡಾಗ ಶಸ್ತ್ರವೈದ್ಯ ಪಾಲ್ ಬ್ರೋಕಾ ಶವಪರೀಕ್ಷೆ ನಡೆಸಿದರು. ಎಡ ಹೋಳಿನ ಮುಂಭಾಗದಲ್ಲಿ ದೊಡ್ಡದೊಂದು ಗಾಯ ಕಂಡಿತು. ಮುಂದೆ ಇಂಥದೇ ರೋಗಿಗಳು ಸಿಗುತ್ತ ಹೋದರು. 1863ರ ಹೊತ್ತಿಗೆ ಎಂಟು ಮಂದಿ. ಎಂಟೂ ಮಿದುಳುಗಳಲ್ಲಿ ಪೆಟ್ಟು ಎಡಕ್ಕೇ. 1865ರಲ್ಲಿ ಬ್ರೋಕಾ ಧೈರ್ಯ ಮಾಡಿ ಹೇಳಿದರು: ನಾವು ಮಾತನಾಡುವುದು ಎಡ ಗೋಳಾರ್ಧದಿಂದ.

ಇದೇ ಮಾತನ್ನು ದಕ್ಷಿಣ ಫ್ರಾನ್ಸಿನ ಹಳ್ಳಿಗಾಡಿನ ವೈದ್ಯ ಮಾರ್ಕ್ ಡಾಕ್ಸ್ 1836ರಲ್ಲೇ ಬರೆದಿಟ್ಟಿದ್ದರೆಂದು ಅವರ ಮಗ ಅದೇ 1865ರಲ್ಲಿ ಲೇಖನ ಪ್ರಕಟಿಸಿದ. ಮೊದಲು ಕಂಡವರು ಯಾರೆಂಬ ಜಗಳ ಇತಿಹಾಸಕಾರರಲ್ಲಿ ಇನ್ನೂ ಇದೆ. ಅದಿರಲಿ. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಎಡ ಹೋಳಿನಲ್ಲೇ ಇನ್ನೂ ಹಿಂದಿನ ಒಂದು ಜಾಗ ಕೆಟ್ಟರೆ ಮಾತು ಸರಾಗವಾಗಿ ಬಂದರೂ ಅರ್ಥ ಕೆಡುತ್ತದೆ, ಕೇಳಿದ್ದೂ ತಿಳಿಯುವುದಿಲ್ಲ ಎಂದು ತೋರಿಸಿದ. ಅಲ್ಲಿಗೆ ಎಡ ಹೋಳು ಯಜಮಾನ, ಬಲ ಹೋಳು ಆಳು ಎಂಬ ಭಾವನೆ ಬೇರೂರಿತು. ‘ಪ್ರಾಬಲ್ಯ’ ಎಂಬ ಮಾತು ಹುಟ್ಟಿದ್ದು ಹೀಗೆ. ಅದರ ಮೂಲ ಅರ್ಥ ಇಷ್ಟೇ: ಮಾತು ಯಾವ ಹೋಳಿನಲ್ಲಿದೆ? ಸ್ವಭಾವ ಯಾವ ಹೋಳಿನಲ್ಲಿದೆ ಎಂದಲ್ಲ.

ಸತ್ತ ಮೇಲೆ ಮಿದುಳು ಬಿಚ್ಚಿ ನೋಡುವುದು ಸರಿ. ಬದುಕಿರುವವನಲ್ಲಿ ಇದನ್ನು ಕಂಡುಹಿಡಿಯುವುದು ಹೇಗೆ?

ಕೈ ನೋಡಿ ಹೇಳುವುದು

ಮೊದಲ ಸುಳಿವು ಕೈ. ಬಹುಪಾಲು ಜನ ಬಲಗೈಯವರು, ಬಹುಪಾಲು ಜನರ ಮಾತು ಎಡ ಮಿದುಳಿನಲ್ಲಿ. ಆದ್ದರಿಂದ ಎಡಚರ ಮಾತು ಬಲ ಮಿದುಳಿನಲ್ಲಿರಬೇಕು ಎಂದು ಹಿಂದಿನವರು ಊಹಿಸಿದರು. ಊಹೆ ಸುಂದರವಾಗಿತ್ತು, ಆದರೆ ತಪ್ಪಾಗಿತ್ತು. ಅದನ್ನು ಮುಂದೆ ನೋಡೋಣ.

ಕೈಯ ಒಲವನ್ನು ಅಳೆಯಲು ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಎಡಿನ್‌ಬರೋದ ಆರ್.ಸಿ. ಓಲ್ಡ್‌ಫೀಲ್ಡ್ 1971ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ. ಅದರಲ್ಲಿ ಹತ್ತು ಕೆಲಸಗಳಿವೆ: ಬರೆಯುವುದು, ಚಿತ್ರ ಬಿಡಿಸುವುದು, ಎಸೆಯುವುದು, ಕತ್ತರಿ, ಹಲ್ಲುಜ್ಜುವ ಬ್ರಶ್ಶು, ಚಾಕು, ಚಮಚ, ಉದ್ದ ಹಿಡಿಯ ಪೊರಕೆ ಹಿಡಿದಾಗ ಮೇಲಿರುವ ಕೈ, ಬೆಂಕಿಕಡ್ಡಿ ಗೀರುವುದು, ಡಬ್ಬಿಯ ಮುಚ್ಚಳ ತೆಗೆಯುವುದು. ಒಂದು ಕೆಲಸಕ್ಕೆ ಯಾವಾಗಲೂ ಒಂದೇ ಕೈ ಎಂದಾದರೆ ಆ ಕೈಗೆ ಎರಡು ಗುರುತು. ಯಾವ ಕೈಯಾದರೂ ಸರಿ ಎಂದಾದರೆ ಎರಡಕ್ಕೂ ಒಂದೊಂದು. ಬಲದ ಗುರುತುಗಳಿಂದ ಎಡದವನ್ನು ಕಳೆದು, ಒಟ್ಟು ಗುರುತುಗಳಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಒಬ್ಬರಿಗೆ ಬಲಕ್ಕೆ 18, ಎಡಕ್ಕೆ 2 ಬಂದರೆ ಅವರ ಅಂಕ 80. ಪೂರ್ತಿ ಬಲಗೈಯವರಿಗೆ 100, ಪೂರ್ತಿ ಎಡಚರಿಗೆ ಸೊನ್ನೆಗಿಂತ ಕೆಳಗೆ 100.

ನಮ್ಮಲ್ಲಿ ಈ ಪಟ್ಟಿಯನ್ನು ಬಳಸುವಾಗ ಸ್ವಲ್ಪ ಎಚ್ಚರ ಬೇಕು. ಕನ್ನಡದಲ್ಲಿ ಬಲ ಎಂದರೆ ದಿಕ್ಕೂ ಹೌದು, ಶಕ್ತಿಯೂ ಹೌದು. ಎಡದ ಪಾಲಿಗೆ ಬಂದದ್ದು ಎಡವಟ್ಟು. ಉತ್ತರ ಕರ್ನಾಟಕದಲ್ಲಿ ಎಡಚನನ್ನು ರೊಡ್ಡ ಎಂದು ಕರೆದು ಚುಡಾಯಿಸುವುದುಂಟು. ಎಡಗೈಯಲ್ಲಿ ಊಟ ಮಾಡಬಾರದು, ಪ್ರಸಾದ ತೆಗೆದುಕೊಳ್ಳಬಾರದು, ಹಣ ಕೊಡಬಾರದು. ಎಡಗೈಯಲ್ಲಿ ಬಳಪ ಹಿಡಿದ ಮಗುವಿನ ಗೆಣ್ಣಿಗೆ ಕೋಲು ಬೀಳುತ್ತಿದ್ದ ಕಾಲ ತೀರ ಹಳೆಯದೇನಲ್ಲ. ಹೀಗೆ ತಿದ್ದಿಸಿಕೊಂಡವರು ಬರೆಯುವುದು, ಉಣ್ಣುವುದು ಬಲಗೈಯಲ್ಲಿ. ಕಲ್ಲೆಸೆಯುವುದು, ಕಡ್ಡಿ ಗೀರುವುದು ಎಡಗೈಯಲ್ಲಿ. ಅಂಥವರ ಪೆನ್ನು ನೋಡಿ ಅವರ ಕೈ ಯಾವುದೆಂದು ಹೇಳಲಾಗದು. ಇನ್ನು ಮಿದುಳನ್ನು ಹೇಳುವುದೆಂತು? ಅಂದ ಹಾಗೆ ಜಗತ್ತಿನಲ್ಲಿ ಎಡಚರು ಎಷ್ಟು? 20 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ನೂರಕ್ಕೆ ಸುಮಾರು 10.6.

ಅರ್ಧ ಮಿದುಳಿಗೆ ನಿದ್ದೆ

ಮಿದುಳಿನ ಪ್ರಾಬಲ್ಯವನ್ನು ನಿಜವಾಗಿ ಅಳೆಯಲೇಬೇಕಾದ ಅಗತ್ಯ ಬಿದ್ದದ್ದು ಮೂರ್ಛೆರೋಗದ ಶಸ್ತ್ರಚಿಕಿತ್ಸೆಯಲ್ಲಿ. ಔಷಧಿಗೆ ಬಗ್ಗದ ಮೂರ್ಛೆರೋಗದಲ್ಲಿ ಕೆಲವೊಮ್ಮೆ ಮಿದುಳಿನ ರೋಗಗ್ರಸ್ತ ತುಣುಕನ್ನು ಕತ್ತರಿಸಿ ತೆಗೆಯುತ್ತಾರೆ. ತೆಗೆಯುವ ತುಣುಕು ಮಾತಿನ ಜಾಗದ್ದಾಗಿದ್ದರೆ? ಮೂರ್ಛೆ ನಿಲ್ಲುತ್ತದೆ, ಮಾತೂ ನಿಲ್ಲುತ್ತದೆ. ಕತ್ತಿ ಎತ್ತುವ ಮೊದಲು ಈ ರೋಗಿಯ ಮಾತು ಯಾವ ಕಡೆಗಿದೆ ಎಂದು ವೈದ್ಯರಿಗೆ ಖಚಿತವಾಗಬೇಕು. ಸಾಮಾನ್ಯವಾಗಿ ಎಡಕ್ಕಿರುತ್ತದೆ ಎಂದರೆ ಸಾಲದು.

ದಾರಿ ತೋರಿಸಿದವರು ಜಪಾನಿನ ಜುನ್ ವಾಡಾ. ಅವರು 1949ರಲ್ಲಿ ಜಪಾನಿ ಭಾಷೆಯಲ್ಲಿ ವಿವರಿಸಿದ ವಿಧಾನ ಮುಂದೆ ಕೆನಡಾದ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆಯಲ್ಲಿ ಬೆಳೆಯಿತು. ತೊಡೆಸಂದಿನ ರಕ್ತನಾಳದ ಮೂಲಕ ಸಣ್ಣ ಕೊಳವೆಯೊಂದನ್ನು ಕುತ್ತಿಗೆಯ ಅಪಧಮನಿಯವರೆಗೆ ಒಯ್ಯುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ಎರಡೂ ಕೈ ಮೇಲೆತ್ತಿ ಒಂದು, ಎರಡು, ಮೂರು ಎಂದು ಎಣಿಸುತ್ತಿರಬೇಕು. ಆಗ ಅಮೈಟಾಲ್ ಎಂಬ ಮಂಪರು ಔಷಧವನ್ನು ಆ ನಾಳಕ್ಕೆ ಬಿಡುತ್ತಾರೆ. ಅದು ಮುಖ್ಯವಾಗಿ ಆ ಬದಿಯ ಹೋಳಿಗೇ ಹೋಗುವುದರಿಂದ ಅರ್ಧ ಮಿದುಳು ಕೆಲವು ನಿಮಿಷ ಮಲಗಿಬಿಡುತ್ತದೆ. ಎದುರಿನ ಕೈ ಸೋತು ಕೆಳಗೆ ಬೀಳುತ್ತದೆ. ಎಣಿಕೆ ಮುಂದುವರಿದರೆ ಮಾತು ಆ ಕಡೆಯಲ್ಲಿಲ್ಲ. ಎಣಿಕೆ ನಿಂತು, ಪೆನ್ನು ತೋರಿಸಿದರೆ ಹೆಸರು ಹೇಳಲಾಗದೆ ರೋಗಿ ತಡವರಿಸಿದರೆ ಮಾತು ಅಲ್ಲೇ ಇದೆ. ಸ್ವಲ್ಪ ಬಿಡುವು ಕೊಟ್ಟು ಇನ್ನೊಂದು ಬದಿಗೂ ಹೀಗೆಯೇ ಮಾಡುತ್ತಾರೆ. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಇದಕ್ಕೆ ನೆನಪಿನ ಪರೀಕ್ಷೆಯನ್ನೂ ಸೇರಿಸಿದರು.

ಮಾಂಟ್ರಿಯಲ್‌ನ ರಾಸ್ಮುಸ್ಸೆನ್ ಮತ್ತು ಮಿಲ್ನರ್ 1977ರಲ್ಲಿ ಕೊಟ್ಟ ಅಂಕಿಗಳು ಹಳೆಯ ಊಹೆಯನ್ನು ತಲೆಕೆಳಗು ಮಾಡಿದವು. ಬಲಗೈಯವರಲ್ಲಿ ಶೇ. 96 ಜನರ ಮಾತು ಎಡ ಮಿದುಳಿನಲ್ಲಿ. ಎಡಚರಲ್ಲೂ ಶೇ. 70 ಜನರ ಮಾತು ಎಡದಲ್ಲೇ! ಶೇ. 15 ಮಂದಿಗೆ ಬಲದಲ್ಲಿ, ಉಳಿದ ಶೇ. 15 ಮಂದಿಗೆ ಎರಡೂ ಕಡೆ. ಅಂದರೆ ಎಡಚನೊಬ್ಬನನ್ನು ನೋಡಿ ‘ಇವನು ಬಲ ಮಿದುಳಿನವನು’ ಎಂದರೆ ಆ ಮಾತು ತಪ್ಪಾಗುವ ಸಂಭವವೇ ಹೆಚ್ಚು.

ವಾಡಾ ಪರೀಕ್ಷೆ ಅಪಾಯವಿಲ್ಲದ್ದಲ್ಲ. ಅಪಧಮನಿಯೊಳಗೆ ಕೊಳವೆ ಹಾಕುವುದು ಆಟವಲ್ಲ. ಅದಕ್ಕೇ ಅದನ್ನು ಕುತೂಹಲಕ್ಕಾಗಿ ಯಾರ ಮೇಲೂ ಮಾಡುವುದಿಲ್ಲ. ಆರೋಗ್ಯವಂತರನ್ನು ಅಳೆಯಲು ಬೇರೆ ದಾರಿಗಳನ್ನು ಹುಡುಕಬೇಕಾಯಿತು.

ಎರಡು ಕಿವಿಗೆ ಎರಡು ಮಾತು

ಅದರಲ್ಲೊಂದು ದಾರಿ ಕಿವಿಯದು. ಅದೇ ಮಾಂಟ್ರಿಯಲ್‌ನಲ್ಲಿ ಡೊರೀನ್ ಕಿಮುರಾ ರೋಗಿಗಳ ಕಿವಿಗೆ ಹೆಡ್‌ಫೋನ್ ಹಾಕಿ, ಒಂದೇ ಕ್ಷಣದಲ್ಲಿ ಎಡಗಿವಿಗೆ ಒಂದು ಅಂಕಿ, ಬಲಗಿವಿಗೆ ಇನ್ನೊಂದು ಅಂಕಿ ಕೇಳಿಸಿದರು. ಹೀಗೆ ಮೂರು ಜೋಡಿ. ಕೇಳಿಸಿದ್ದನ್ನೆಲ್ಲ ಹೇಳಿ ಎಂದಾಗ ಹೆಚ್ಚಿನವರು ಬಲಗಿವಿಗೆ ಬಿದ್ದದ್ದನ್ನೇ ಹೆಚ್ಚು ಸರಿಯಾಗಿ ಹೇಳಿದರು. ಬಲಗಿವಿಯ ಹೆದ್ದಾರಿ ಎಡ ಮಿದುಳಿಗೆ, ಮಾತಿನ ಮನೆಗೆ. ವಾಡಾ ಪರೀಕ್ಷೆಯಲ್ಲಿ ಮಾತು ಬಲಕ್ಕಿದೆ ಎಂದು ತಿಳಿದುಬಂದವರಲ್ಲಿ ಮಾತ್ರ ಎಡಗಿವಿ ಗೆದ್ದಿತು. ಇದು ನಡೆದದ್ದು 1961ರಲ್ಲಿ.

ಈಗ ಅಂಕಿಗಳ ಬದಲು ಹೆಚ್ಚಾಗಿ ಪ, ಬ, ತ, ದ, ಕ, ಗ ಎಂಬ ಆರು ಅಕ್ಷರಗಳನ್ನು ಬಳಸುತ್ತಾರೆ. ಕನ್ನಡದ ವರ್ಗಾಕ್ಷರಗಳನ್ನು ಕಲಿತವರಿಗೆ ಹತ್ತಿರದ ಪಟ್ಟಿಯೇ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಈ ಬಗೆಯ ಪರೀಕ್ಷೆಯನ್ನು ನಮ್ಮ ಜನಕ್ಕೆ ಹೊಂದುವಂತೆ ಸಿದ್ಧಪಡಿಸಿದ್ದಾರೆ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಕನ್ನಡಿಗರಿಗೆ ಎಷ್ಟು ಮಾತು ಉಳಿದಿದೆ ಎಂದು ನೋಡುವ ಪರೀಕ್ಷಾಮಾಲೆಯೂ ಕನ್ನಡದಲ್ಲಿದೆ.

ಆದರೆ ಕಿವಿಯ ಪರೀಕ್ಷೆ ವಾಡಾದಷ್ಟು ನಂಬುಗೆಯದಲ್ಲ. ಮಾತು ಎಡದಲ್ಲಿರುವ ಎಷ್ಟೋ ಜನರಲ್ಲಿ ಬಲಗಿವಿಯ ಮೇಲುಗೈ ಕಾಣುವುದಿಲ್ಲ. ಗಮನ ಆ ಕಡೆ ಈ ಕಡೆ ಸರಿದರೂ ಅಂಕ ಬದಲಾಗುತ್ತದೆ. ಹತ್ತಾರು ಜನರ ಸರಾಸರಿ ನೋಡಲು ಒಳ್ಳೆಯದು. ಒಬ್ಬನ ಬಗ್ಗೆ ತೀರ್ಪು ಕೊಡಲು ಸಾಲದು.

ಇದೇ ವಿಧಾನದಲ್ಲಿ ಸಂಗೀತವನ್ನೂ ಪರೀಕ್ಷಿಸಿದರು. ಸಂಗೀತ ಬಲ ಮಿದುಳಿನದು ಎಂಬ ಮಾತು ಎಲ್ಲರ ಬಾಯಲ್ಲಿದೆಯಲ್ಲ? 1974ರಲ್ಲಿ ಬೆವರ್ ಮತ್ತು ಕಿಯಾರೆಲ್ಲೋ ಎಂಬ ಸಂಶೋಧಕರು ಕಂಡದ್ದು ಬೇರೆ. ಸಂಗೀತ ಕಲಿಯದವರು ರಾಗದ ಎಳೆಯನ್ನು ಎಡಗಿವಿಯಲ್ಲಿ ಚೆನ್ನಾಗಿ ಗುರುತಿಸಿದರು, ಕಲಿತವರು ಬಲಗಿವಿಯಲ್ಲಿ! ಕಲಿತವರ ಎಡ ಮಿದುಳು ಸ್ವರಗಳನ್ನು ಬಿಡಿಸಿ ಲೆಕ್ಕ ಹಾಕುತ್ತದೆ. ಒಂದೇ ಕೆಲಸ, ಅಭ್ಯಾಸದಿಂದ ಬದಿ ಬದಲಿಸಿತು.

ರಕ್ತದ ಹರಿವು ನೋಡಿ

ಮಿದುಳಿನ ಯಾವ ಜಾಗ ದುಡಿಯುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. ಇತ್ತೀಚಿನ ಹಲವು ವಿಧಾನಗಳು ಈ ಒಂದು ಗುಟ್ಟಿನ ಮೇಲೆ ನಿಂತಿವೆ. ತಲೆಯ ಎರಡೂ ಬದಿಗೆ ಶಬ್ದಾತೀತ ತರಂಗದ ಉಪಕರಣ ಇಟ್ಟು, ‘ಈ ಅಕ್ಷರದಿಂದ ಶುರುವಾಗುವ ಪದಗಳನ್ನು ಮನಸ್ಸಿನಲ್ಲೇ ನೆನೆಯಿರಿ’ ಎಂದು ಹೇಳಿ, ಯಾವ ಬದಿಯ ನಾಳದಲ್ಲಿ ರಕ್ತದ ವೇಗ ಹೆಚ್ಚಿತೆಂದು ನೋಡುತ್ತಾರೆ. ಸೂಜಿಯಿಲ್ಲ, ನೋವಿಲ್ಲ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ 326 ಮಂದಿ ಆರೋಗ್ಯವಂತರನ್ನು ಹೀಗೆ ಅಳೆದು 2000ದಲ್ಲಿ ಪ್ರಕಟಿಸಿದ ಫಲಿತಾಂಶ ಬಹಳ ಹೆಸರಾಯಿತು. ಮಾತು ಬಲಕ್ಕಿರುವವರು ಕಟ್ಟಾ ಬಲಗೈಯವರಲ್ಲಿ ಶೇ. 4, ಎರಡೂ ಕೈ ಬಳಸುವವರಲ್ಲಿ ಶೇ. 15, ಕಟ್ಟಾ ಎಡಚರಲ್ಲಿ ಶೇ. 27. ಇವರೆಲ್ಲ ರೋಗಿಗಳಲ್ಲ, ನಿಮ್ಮ ನನ್ನಂಥವರು. ಮಾತು ಬಲಕ್ಕಿರುವುದು ರೋಗವಲ್ಲ ಎಂಬುದೂ ಇದರಿಂದ ತಿಳಿಯಿತು.

ಎರಡನೆಯದು ಎಂಆರ್‌ಐ ಯಂತ್ರ. 1990ರಲ್ಲಿ ಸೈಜಿ ಒಗಾವಾ ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು ಈ ಯಂತ್ರದಲ್ಲಿ ಹಿಡಿಯಬಹುದೆಂದು ತೋರಿಸಿದ ಮೇಲೆ ದುಡಿಯುವ ಮಿದುಳಿನ ಚಿತ್ರ ತೆಗೆಯುವುದು ಸಾಧ್ಯವಾಯಿತು. ಎಡದಲ್ಲಿ ಬೆಳಗಿದ ಚುಕ್ಕೆಗಳಿಂದ ಬಲದವನ್ನು ಕಳೆದು, ಒಟ್ಟು ಚುಕ್ಕೆಗಳಿಂದ ಭಾಗಿಸಿದರೆ ಪ್ರಾಬಲ್ಯದ ಅಂಕ ಸಿಗುತ್ತದೆ. ಓಲ್ಡ್‌ಫೀಲ್ಡ್ ಕೈಗೆ ಹಾಕಿದ ಲೆಕ್ಕವೇ ಇಲ್ಲಿ ಮಿದುಳಿಗೆ ಬಂದಿದೆ.

ಆದರೆ ‘ಬೆಳಗಿದ್ದು’ ಎಂದು ಹೇಳುವುದು ಯಾವ ಮಟ್ಟ ದಾಟಿದರೆ? ಅದನ್ನು ಗೊತ್ತು ಮಾಡುವವರು ಮನುಷ್ಯರೇ. ಉದಾಹರಣೆಗೆ, ಮಟ್ಟ ಸಡಿಲವಾಗಿದ್ದಾಗ ಎಡದಲ್ಲಿ 300 ಚುಕ್ಕೆ, ಬಲದಲ್ಲಿ 100 ಚುಕ್ಕೆ ಕಂಡವು ಎನ್ನಿ. ಅಂಕ 50. ಮಟ್ಟ ಬಿಗಿ ಮಾಡಿದಾಗ ಎಡದಲ್ಲಿ 100, ಬಲದಲ್ಲಿ 10 ಉಳಿದವು ಎನ್ನಿ. ಈಗ ಅಂಕ ಸುಮಾರು 82. ಅದೇ ಮನುಷ್ಯ, ಅದೇ ಚಿತ್ರ, ಬೇರೆ ಅಂಕ. ಆದ್ದರಿಂದಲೇ ಪ್ರಾಮಾಣಿಕ ವೈದ್ಯರು ಎಡ, ಬಲ, ಎರಡೂ ಕಡೆ ಎಂದು ಹೇಳಿ ನಿಲ್ಲಿಸುತ್ತಾರೆ. ದಶಮಾಂಶ ಬಿಂದುವಿನವರೆಗೆ ಹೋಗುವವರು ಬೇರೆಯವರು.

ಆಳೆಂದವನೂ ಆಳಲ್ಲ

ಹಾಗಾದರೆ ಬಲ ಹೋಳಿಗೆ ಕೆಲಸವೇ ಇಲ್ಲವೇ? ಬಲ ಹೋಳಿನ ಹಿಂಭಾಗಕ್ಕೆ ಪಾರ್ಶ್ವವಾಯು ಬಡಿದ ಕೆಲವರಲ್ಲಿ ವಿಚಿತ್ರವೊಂದು ಕಾಣುತ್ತದೆ. ಕಣ್ಣು ಚೆನ್ನಾಗಿದ್ದರೂ ಎಡಕ್ಕಿರುವ ಪ್ರಪಂಚ ಅವರ ಗಮನಕ್ಕೇ ಬರುವುದಿಲ್ಲ. ಮುಖದ ಬಲಭಾಗಕ್ಕೆ ಮಾತ್ರ ಕ್ಷೌರ. ಊಟಕ್ಕೆ ಕೂತರೆ ಎಲೆಯ ಎಡತುದಿಗೆ ಬಡಿಸಿದ ಉಪ್ಪು, ಉಪ್ಪಿನಕಾಯಿ ಅವರ ಪಾಲಿಗೆ ಇಲ್ಲವೇ ಇಲ್ಲ. 1978ರಲ್ಲಿ ಇಟಲಿಯ ಬಿಸಿಯಾಕ್ ಮತ್ತು ಲುಟ್ಸಾಟಿ ಇಂಥ ಇಬ್ಬರಿಗೆ, ಮಿಲಾನ್ ನಗರದ ದೊಡ್ಡ ಚರ್ಚಿನ ಮುಂದಿನ ಚೌಕವನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಲು ಹೇಳಿದರು. ಚೌಕದ ಈ ತುದಿಯಲ್ಲಿ ಚರ್ಚಿಗೆ ಮುಖಮಾಡಿ ನಿಂತಂತೆ ಕಲ್ಪಿಸಿದಾಗ ಬಲಗಡೆಯ ಕಟ್ಟಡಗಳನ್ನಷ್ಟೇ ಹೇಳಿದರು. ಈಗ ಚರ್ಚಿನ ಮೆಟ್ಟಿಲ ಮೇಲೆ ನಿಂತು ಈ ಕಡೆ ನೋಡುತ್ತಿದ್ದೀರಿ ಎಂದಾಗ, ಅದುವರೆಗೆ ಮರೆತಿದ್ದ ಕಟ್ಟಡಗಳೆಲ್ಲ ಬಲಕ್ಕೆ ಬಂದವು. ಅವುಗಳ ಹೆಸರು ಹೇಳಿ ಮೊದಲು ಹೇಳಿದ್ದನ್ನು ಬಿಟ್ಟರು. ಸುತ್ತಲಿನ ಜಾಗಕ್ಕೆ ಗಮನ ಹರಿಸುವ ಕೆಲಸ ಬಹುಪಾಲು ಬಲ ಹೋಳಿನದು. ಎಂದ ಮೇಲೆ ಪ್ರಶ್ನೆ ‘ಯಾವುದು ಪ್ರಬಲ’ ಎಂಬುದಲ್ಲ. ‘ಯಾವ ಕೆಲಸಕ್ಕೆ ಯಾವುದು ಪ್ರಬಲ’ ಎಂಬುದು. ಒಬ್ಬನೇ ಮನುಷ್ಯ ಮಾತಿಗೆ ಎಡ, ನೋಟಕ್ಕೆ ಬಲ.

ಇನ್ನೂ ದೊಡ್ಡ ಬೆರಗು ಕಾದಿತ್ತು. 1962ರಲ್ಲಿ ಲಾಸ್ ಏಂಜಲಿಸ್‌ನ ಬೋಗನ್ ಮತ್ತು ವೋಗೆಲ್ ಎಂಬ ಶಸ್ತ್ರವೈದ್ಯರು ಮೂರ್ಛೆರೋಗಿಯೊಬ್ಬನ ಮಿದುಳಿನ ಸೇತುವೆಯನ್ನೇ ಕತ್ತರಿಸಿದರು. ಒಂದು ಹೋಳಿನ ಸೆಳವು ಇನ್ನೊಂದಕ್ಕೆ ದಾಟದಿರಲಿ ಎಂದು. ಹೀಗೆ ಚಿಕಿತ್ಸೆಯಾದವರನ್ನು ರೋಜರ್ ಸ್ಪೆರಿ ಮತ್ತು ಅವರ ಶಿಷ್ಯ ಮೈಕೆಲ್ ಗಜಾನಿಗ ಪರೀಕ್ಷಿಸಿದರು. ಪರದೆಯ ಬಲಕ್ಕೆ ಕ್ಷಣಕಾಲ ಒಂದು ಪದ ಮಿನುಗಿಸಿದರೆ ರೋಗಿ ಓದಿ ಹೇಳುತ್ತಿದ್ದ. ಎಡಕ್ಕೆ ಮಿನುಗಿಸಿದರೆ ‘ಏನೂ ಕಾಣಲಿಲ್ಲ’ ಎನ್ನುತ್ತಿದ್ದ. ಆದರೆ ಎಡಗೈ ಮಾತ್ರ ಆ ಪದ ಸೂಚಿಸಿದ ವಸ್ತುವನ್ನೇ ತಡಕಿ ಎತ್ತಿಕೊಡುತ್ತಿತ್ತು! ಸ್ಪೆರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಪೇಟೆಗೆ ಬಂದ ಮಿದುಳು

ಪ್ರಯೋಗಶಾಲೆಯಿಂದ ಈ ಸುದ್ದಿ ಪೇಟೆಗೆ ಇಳಿಯಲು ತಡವಾಗಲಿಲ್ಲ. ಸೇತುವೆ ಕತ್ತರಿಸಿದವರ ಬಗ್ಗೆ ಹೇಳಿದ್ದನ್ನು ಸೇತುವೆ ಸರಿಯಿದ್ದವರಿಗೂ ಅನ್ವಯಿಸಿದರು. 1972ರಲ್ಲಿ ರಾಬರ್ಟ್ ಆರ್ನ್‌ಸ್ಟೀನ್ ಪ್ರಜ್ಞೆಯ ಬಗ್ಗೆ ಬರೆದ ಪುಸ್ತಕ, 1979ರಲ್ಲಿ ಬೆಟ್ಟಿ ಎಡ್ವರ್ಡ್ಸ್ ಬಲ ಮಿದುಳಿನಿಂದ ಚಿತ್ರ ಬರೆಯುವುದನ್ನು ಕಲಿಸಿದ ಪುಸ್ತಕ ಜನಪ್ರಿಯವಾದವು. ಎಡ ಎಂದರೆ ತರ್ಕ, ಪಶ್ಚಿಮ, ಗುಮಾಸ್ತ. ಬಲ ಎಂದರೆ ಕಲೆ, ಪೂರ್ವ, ಋಷಿ. ದೊಡ್ಡ ಕಂಪನಿಗಳು ನೌಕರರಿಗೆ ಪ್ರಶ್ನಾವಳಿ ಹಂಚಿ ಎಡಬಲ ವಿಂಗಡಿಸತೊಡಗಿದವು. ನಮ್ಮಲ್ಲಿ ಇಡಾ, ಪಿಂಗಳಾ ನಾಡಿಗಳನ್ನೂ ಅರ್ಧನಾರೀಶ್ವರನನ್ನೂ ಇದಕ್ಕೆ ತಂದು ಜೋಡಿಸಿದರು. ಅರ್ಧನಾರೀಶ್ವರನ ಬಲಗಡೆ ಶಿವ, ಎಡಗಡೆ ಪಾರ್ವತಿ. ಮಿದುಳಿನ ಆಡಳಿತ ಅದಲು ಬದಲು ಎಂಬುದು ನೆನಪಿದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ. ಆ ಮೂರ್ತಿಯನ್ನು ಕಡೆದವರು ಮಿದುಳಿನ ನಕ್ಷೆ ಬರೆಯಲು ಹೊರಟವರಲ್ಲ.

2003ರಲ್ಲಿ ಜಪಾನಿನ ನೊಬುಯುಕಿ ಕಯಾಹರಾ ಎಂಬ ವಿನ್ಯಾಸಕಾರ ಗಿರಗಿರ ತಿರುಗುವ ನರ್ತಕಿಯ ಕಪ್ಪು ನೆರಳಿನ ಚಿತ್ರವೊಂದನ್ನು ರಚಿಸಿದ. ಒಬ್ಬರಿಗೆ ಅವಳು ಬಲಕ್ಕೆ ತಿರುಗುವಂತೆ, ಇನ್ನೊಬ್ಬರಿಗೆ ಎಡಕ್ಕೆ ತಿರುಗುವಂತೆ ಕಾಣುತ್ತದೆ. ಅದನ್ನೂ ‘ನಿಮ್ಮ ಮಿದುಳು ಯಾವುದು’ ಎಂಬ ಪರೀಕ್ಷೆ ಮಾಡಿ ಊರೆಲ್ಲ ಹಂಚಿದರು. ನೆರಳಿನಲ್ಲಿ ಮುಂದೆ ಯಾವುದು, ಹಿಂದೆ ಯಾವುದು ಎಂಬ ಗುರುತಿಲ್ಲದ್ದರಿಂದ ಕಣ್ಣಿಗೆ ಆಗುವ ಗೊಂದಲ ಅದು. ಸ್ವಲ್ಪ ಹೊತ್ತು ನೋಡುತ್ತಿದ್ದರೆ ಅದೇ ವ್ಯಕ್ತಿಗೆ ದಿಕ್ಕು ಬದಲಾಗುತ್ತದೆ. ಮಿದುಳು ಅಷ್ಟು ಹೊತ್ತಿಗೆ ಜಾತಿ ಬದಲಿಸಿತೇ?

ಕೊನೆಗೆ 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡರು. 7ರಿಂದ 29 ವರ್ಷದೊಳಗಿನ 1,011 ಮಂದಿಯ ಮಿದುಳಿನ ಚಿತ್ರಗಳು. ಒಂದೊಂದನ್ನೂ 7,266 ತುಣುಕುಗಳಾಗಿ ವಿಂಗಡಿಸಿ, ಯಾವ ತುಣುಕಿಗೆ ಯಾವುದರ ಜೊತೆ ಒಡನಾಟವೆಂದು ಲೆಕ್ಕ ಹಾಕಿದರು. ಮಾತಿನ ಜಾಲ ಎಡಕ್ಕೆ, ಗಮನದ ಜಾಲ ಬಲಕ್ಕೆ ವಾಲಿದ್ದು ನಿಜ. ಆದರೆ ಇಡೀ ಮಿದುಳೇ ಎಡಕ್ಕೆ ವಾಲಿದವರ ಒಂದು ಗುಂಪು, ಬಲಕ್ಕೆ ವಾಲಿದವರ ಇನ್ನೊಂದು ಗುಂಪು ಸಿಗಲಿಲ್ಲ. ‘ಎಡ ಮಿದುಳಿನವನು’, ‘ಬಲ ಮಿದುಳಿನವಳು’ ಎಂಬ ಮನುಷ್ಯಜಾತಿಗಳು ಆ ಸಾವಿರ ಜನರಲ್ಲಿ ಇರಲಿಲ್ಲ.

ಬೆರಳಚ್ಚಿನ ವಿಷಯವೂ ಇಷ್ಟೇ. ಬೆರಳ ತುದಿಯ ಗೆರೆಗಳು ಮಗು ಹುಟ್ಟುವ ಎಷ್ಟೋ ಮುಂಚೆ, ಗರ್ಭದಲ್ಲೇ ಮೂಡಿ ನಿಲ್ಲುತ್ತವೆ, ಆಮೇಲೆ ಬದಲಾಗುವುದಿಲ್ಲ. ಮಿದುಳು ಹಾಗಲ್ಲ. ಎಡ ಹೋಳಿನ ವಾಸಿಯಾಗದ ರೋಗಕ್ಕಾಗಿ ಇಡೀ ಎಡ ಹೋಳನ್ನೇ ಎಂಟೂವರೆ ವರ್ಷದಲ್ಲಿ ತೆಗೆಸಿಕೊಂಡ, ಅದುವರೆಗೆ ಮಾತೇ ಬಾರದಿದ್ದ ಒಬ್ಬ ಹುಡುಗ ಒಂಬತ್ತು ತುಂಬಿದ ಮೇಲೆ ಬಲ ಹೋಳಿನಿಂದಲೇ ಮಾತು ಕಲಿತ ಸಂಗತಿ 1997ರಲ್ಲಿ ಪ್ರಕಟವಾಗಿದೆ. ಬೆರಳಚ್ಚಿನಿಂದ ಬುದ್ಧಿ ಅಳೆಯುವ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ ಹೇಳಿದೆ. ಎಡಬಲ ಸಾಲದೆಂದು ‘ನಡು ಮಿದುಳನ್ನು’ ಎಬ್ಬಿಸಿ ಮಕ್ಕಳಿಗೆ ಕಣ್ಣು ಕಟ್ಟಿ ಓದಿಸುವ ತರಗತಿಗಳೂ ನಡೆದವು. ಮಕ್ಕಳು ಮೂಗಿನ ಪಕ್ಕದ ಸಂದಿನಿಂದ ಇಣುಕುತ್ತಾರೆ, ಅಷ್ಟೇ ಎಂದು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಊರೂರು ಸುತ್ತಿ ತೋರಿಸಿದ್ದಾರೆ.

ಜನ ಇದನ್ನೆಲ್ಲ ಏಕೆ ನಂಬುತ್ತಾರೆ? ಉತ್ತರ ಗಜಾನಿಗ 1970ರ ದಶಕದಲ್ಲಿ ಮಾಡಿದ ಇನ್ನೊಂದು ಪ್ರಯೋಗದಲ್ಲಿದೆ. ಸೇತುವೆ ಕತ್ತರಿಸಿದ ಹುಡುಗನೊಬ್ಬನ ಎಡ ಮಿದುಳಿಗೆ ಕೋಳಿಯ ಕಾಲನ್ನೂ ಬಲ ಮಿದುಳಿಗೆ ಹಿಮ ಬಿದ್ದ ಮನೆಯನ್ನೂ ತೋರಿಸಿದರು. ಎದುರಿನ ಚಿತ್ರಗಳಲ್ಲಿ ಬಲಗೈ ಕೋಳಿಯನ್ನು ಆರಿಸಿತು, ಎಡಗೈ ಹಿಮ ಬಾಚುವ ಸಲಿಕೆಯನ್ನು ಆರಿಸಿತು. ಏಕೆಂದು ಕೇಳಿದರು. ಮಾತಿನ ಎಡ ಮಿದುಳಿಗೆ ಹಿಮದ ಸುದ್ದಿಯೇ ಗೊತ್ತಿಲ್ಲ. ಆದರೂ ಅದು ತಡಮಾಡಲಿಲ್ಲ. ಕಾಲು ಕೋಳಿಯದು, ಕೋಳಿಗೂಡು ಬಾಚಲು ಸಲಿಕೆ ಬೇಕಲ್ಲ ಎಂದಿತು. ಕಾರಣ ಗೊತ್ತಿಲ್ಲದಿದ್ದರೂ ಕಥೆ ಕಟ್ಟುವುದು ನಮ್ಮೆಲ್ಲರ ಮಿದುಳಿನ ಗುಣ. ಲೆಕ್ಕದಲ್ಲಿ ಅಂಕ ಕಡಿಮೆ ಬಂದರೆ ‘ನಾನು ಬಲ ಮಿದುಳಿನವಳು’ ಎಂಬುದು ಸಮಾಧಾನದ ಕಥೆ. ಹದಿನಾರರ ಹುಡುಗಿಗೆ ಆ ಸಮಾಧಾನ ಮುಂದೆ ಬಹಳ ದುಬಾರಿಯಾಗಬಹುದು.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು. ಇವಳ ಮಾತು ಯಾವ ಕಡೆಗಿದೆ ಎಂದು ಆಸ್ಪತ್ರೆಯಲ್ಲಿ ಅಳೆಯಬಹುದು. ಆದರೆ ದೇವರ ದಯೆಯಿಂದ ಅದರ ಅಗತ್ಯ ಇವಳಿಗೆ ಬರದಿರಲಿ. ಲೆಕ್ಕ ಬರುತ್ತದೋ ಇಲ್ಲವೋ ಎಂಬುದನ್ನು ಯಾವ ಯಂತ್ರವೂ ಅಳೆಯದು. ಅದಕ್ಕೆ ಒಳ್ಳೆಯ ಮೇಷ್ಟರು ಬೇಕು, ಆರು ತಿಂಗಳ ಅಭ್ಯಾಸ ಬೇಕು. ಹುಡುಗಿ ವಿಜ್ಞಾನವನ್ನೇ ತೆಗೆದುಕೊಂಡಳು. ಮೊನ್ನೆ ಹೋದಾಗ ಜೀವಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಮಿದುಳಿನ ಚಿತ್ರ ಬಿಡಿಸಿ, ಗೆರೆ ಎಳೆದು, ಒಂದೊಂದು ಭಾಗಕ್ಕೂ ಹೆಸರು ಬರೆಯುತ್ತಿದ್ದಳು. ಚಿತ್ರವೂ ಚೆನ್ನಾಗಿತ್ತು, ಹೆಸರುಗಳೂ ಸರಿಯಾಗಿದ್ದವು.